ಹಾಲೇರಿಯ ಕೊನೆಯ ಅರಸನೂ ಕುಂಪಣಿಯ ಪಿಂಚಣಿಯೂ



ಮಠವೊಂದರ ಮಹೋತ್ಸವವು ಗುರುಪರಂಪರೆಯನ್ನು ನೆನೆಯುವ ಪುಣ್ಯಕಾಲವಾಗಿರುವಂತೆಯೇ, ಆ ಪರಂಪರೆಯ ನೆರಳಿನಲ್ಲಿ ಬಾಳಿ ಅಳಿದ ಅರಸುಮನೆತನಗಳನ್ನು ನೆನೆಯುವ ಕಾಲವೂ ಆಗಿರುವುದು. ಕೆಳದಿ, ಹಾಲೇರಿ, ಕಿತ್ತೂರು ಎಂಬ ಹೆಸರುಗಳನ್ನು ಅರಿಯದ ವೀರಶೈವನಿಲ್ಲ. ಈ ಸಂಸ್ಥಾನಗಳ ಏಳಿಗೆಯ ಕಾಲವನ್ನು ಹಾಡಿ ಹೊಗಳಿದವರು ಬಹುಮಂದಿ ಇರುವರು. ಸಿಂಹಾಸನವು ಹೋದ ಮೇಲೆ ಆ ಮನೆತನದವರು ಹೇಗೆ ಬದುಕಿದರು, ಗೆದ್ದವರು ಅವರನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ವಿಚಾರಿಸಿದವರು ಕಡಮೆ. ಹಾಲೇರಿಯ ಕೊನೆಯ ಅರಸನಾದ ಚಿಕವೀರರಾಜೇಂದ್ರನ ಉತ್ತರಜೀವನವೇ ಇಂದಿನ ಉಪನ್ಯಾಸದ ವಿಷಯ. ಅದರಲ್ಲಿ ಹೆಮ್ಮೆಪಡತಕ್ಕ ಸಂಗತಿಗಳು ಕೆಲವೇ. ಕಲಿಯತಕ್ಕ ಸಂಗತಿಗಳು ಅನೇಕ.

ಹಾಲೇರಿ ವಂಶದ ಮೂಲವನ್ನು ಕುರಿತು ಬಂದಿರುವ ಐತಿಹ್ಯವು ಈ ಸಭೆಗೆ ವಿಶೇಷವಾಗಿ ಹೃದ್ಯವಾಗುವಂಥದು. ಇಕ್ಕೇರಿಯ ಅರಸುಮನೆತನಕ್ಕೆ ಸೇರಿದ ಒಬ್ಬನು ಜಂಗಮವೇಷವನ್ನು ಧರಿಸಿ ಕೊಡಗಿಗೆ ಬಂದು, ಹಾಲೇರಿಯಲ್ಲಿ ನೆಲಸಿ, ಜನರ ಭಕ್ತಿಯನ್ನು ಗಳಿಸಿ, ಕ್ರಮಕ್ರಮವಾಗಿ ನಾಡಿನ ಒಡೆಯನಾದನೆಂದು ಹೇಳುವರು. ಮುದ್ದುರಾಜನು ೧೬೮೧ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಮಡಿಕೇರಿಗೆ ತಂದನು. ದೊಡ್ಡವೀರರಾಜೇಂದ್ರನ ಕಾಲದಲ್ಲಿ ರಚಿತವಾದ ‘ರಾಜೇಂದ್ರನಾಮೆ’ ಎಂಬ ಕನ್ನಡ ಗ್ರಂಥವು ಈ ವಂಶದ ಚರಿತ್ರೆಯನ್ನು ೧೬೩೩ರಿಂದ ೧೮೦೭ರವರೆಗೆ ಹೇಳುವುದು. ಪ್ರಜೆಗಳಲ್ಲಿ ಬಹುಮಂದಿ ಕೊಡವರು, ಗೌಡರು, ಅರಸರು ಲಿಂಗವಂತರು. ಆಚಾರವು ಬೇರೆಯಾದರೂ ಎರಡು ಶತಮಾನಗಳ ಕಾಲ ನಾಡು ಆ ಮನೆತನವನ್ನು ತನ್ನದೆಂದೇ ಎಣಿಸಿತು.

ಇಂಗ್ಲಿಷರೊಡನೆ ಈ ಮನೆತನದ ಸಂಬಂಧವು ವೈರದಿಂದ ಆರಂಭವಾದುದಲ್ಲ, ಸ್ನೇಹದಿಂದ ಆರಂಭವಾದುದು. ಟಿಪ್ಪುಸುಲ್ತಾನನ ಕಾಲದಲ್ಲಿ ಪಿರಿಯಾಪಟ್ಟಣದಲ್ಲಿ ಸೆರೆಯಾಗಿದ್ದ ದೊಡ್ಡವೀರರಾಜೇಂದ್ರನು ೧೭೮೮ರಲ್ಲಿ ತಪ್ಪಿಸಿಕೊಂಡು ಬಂದು ಕೊಡಗನ್ನು ಮರಳಿ ಗೆದ್ದನು. ೧೭೯೦ರಲ್ಲಿ ಕುಂಪಣಿಯವರೊಡನೆ ಕೌಲು ಮಾಡಿಕೊಂಡನು. ಮೈಸೂರಿನ ಯುದ್ಧಗಳಲ್ಲಿ ಮುಂಬಯಿಯ ಸೈನ್ಯಕ್ಕೆ ಕೊಡಗಿನ ದಾರಿಯನ್ನು ಬಿಟ್ಟುಕೊಟ್ಟು, ಅಕ್ಕಿಯನ್ನೂ ದನಗಳನ್ನೂ ಆಳುಗಳನ್ನೂ ಒದಗಿಸಿದನು. ಜನರಲ್ ಅಬರ್‌ಕ್ರೋಂಬಿಯನ್ನು ಸಂಧಿಸಿದ ನೆನಪಿಗಾಗಿ ವೀರರಾಜಪೇಟೆಯನ್ನು ಕಟ್ಟಿಸಿದನು. ಕೊಡಗಿನಿಂದ ವರ್ಷಕ್ಕೆ ೨೪,೦೦೦ ರೂಪಾಯಿ ಕಪ್ಪವು ಸಲ್ಲಬೇಕೆಂದು ಮೊದಲು ಗೊತ್ತಾಗಿದ್ದಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕುಂಪಣಿಯವರು ಅದನ್ನು ಬಿಟ್ಟುಕೊಟ್ಟು, ವರ್ಷಕ್ಕೊಂದು ಆನೆಯನ್ನು ಕಾಣಿಕೆಯಾಗಿ ಕೊಟ್ಟರೆ ಸಾಕೆಂದರು. ಸ್ನೇಹವು ಅಷ್ಟು ಗಾಢವಾಗಿದ್ದಿತು.

ಆ ಸ್ನೇಹದ ಭರವಸೆಯ ಮೇಲೆ ದೊಡ್ಡವೀರರಾಜೇಂದ್ರನು ಎರಡು ಕಾರ್ಯಗಳನ್ನು ಮಾಡಿದನು. ಗಂಡುಸಂತಾನವಿಲ್ಲದ ಅವನು ತನ್ನ ಮಗಳಾದ ದೇವಮ್ಮಾಜಿಗೇ ಪಟ್ಟವಾಗಬೇಕೆಂದು ಕುಂಪಣಿಯ ಒಪ್ಪಿಗೆಯನ್ನು ಬೇಡಿದನು. ಮತ್ತು ತನ್ನ ದ್ರವ್ಯದಲ್ಲಿ ಒಂದು ಭಾಗವನ್ನು ಕುಂಪಣಿಯ ಸಾಲಪತ್ರಗಳಲ್ಲಿ ತೊಡಗಿಸಿದನು. ಮನೆಯಲ್ಲಿ ಇಟ್ಟರೆ ದಾಯಾದಿಗಳ ಭಯ. ಕುಂಪಣಿಯಲ್ಲಿ ಇಟ್ಟರೆ ಕ್ಷೇಮವೆಂದು ಅವನ ಎಣಿಕೆ. ಅವನು ೧೮೦೯ರಲ್ಲಿ ತೀರಿಕೊಂಡನು. ೧೮೧೧ರಲ್ಲಿ ಅವನ ತಮ್ಮನಾದ ಲಿಂಗರಾಜೇಂದ್ರನು ದೇವಮ್ಮಾಜಿಯನ್ನು ಪಕ್ಕಕ್ಕೆ ಸರಿಸಿ ತಾನೇ ಅರಸನಾದನು. ಕುಂಪಣಿಯವರು ಅದನ್ನು ತಡೆಯಲಿಲ್ಲ. ಒಪ್ಪಂದದ ಮಾತು ಎಷ್ಟು ಗಟ್ಟಿಯೆಂಬುದು ಅಂದೇ ತಿಳಿಯಬಹುದಾಗಿದ್ದಿತು, ತಿಳಿದುಕೊಂಡವರು ಇರಲಿಲ್ಲ.

ಲಿಂಗರಾಜೇಂದ್ರನ ಮಗನಾದ ಚಿಕವೀರರಾಜೇಂದ್ರನು ೧೮೨೦ರಲ್ಲಿ ಪಟ್ಟವೇರಿದನು. ಅವನ ವಿಷಯದಲ್ಲಿ ಸತ್ಯವನ್ನು ಮರೆಮಾಚುವುದು ಗುರುಸನ್ನಿಧಿಯಲ್ಲಿ ಯೋಗ್ಯವಲ್ಲ. ಅವನು ಕ್ರೂರಿಯಾಗಿದ್ದನು. ತನ್ನ ಪಟ್ಟಕ್ಕೆ ಎದುರಾಗಬಹುದೆಂದು ಶಂಕಿಸಿದ ರಕ್ತಸಂಬಂಧಿಗಳನ್ನೆಲ್ಲ ಕೊಲ್ಲಿಸಿದನು; ದೊಡ್ಡವೀರರಾಜೇಂದ್ರನ ಮಗಳಾದ ಆ ದೇವಮ್ಮಾಜಿಯೂ ಉಳಿಯಲಿಲ್ಲ. ಅದೇ ಹೆಸರಿನ ಅವನ ಸ್ವಂತ ತಂಗಿಯೂ ಆಕೆಯ ಗಂಡನಾದ ಚೆನ್ನಬಸವಪ್ಪನೂ ಪ್ರಾಣಭಯದಿಂದ ೧೮೩೨ರಲ್ಲಿ ಗಡಿಯನ್ನು ದಾಟಿ ಮೈಸೂರಿನಲ್ಲಿ ಇಂಗ್ಲಿಷರ ಆಶ್ರಯವನ್ನು ಹೊಂದಿದರು. ಅವರನ್ನು ಹಿಂದಕ್ಕೆ ಒಪ್ಪಿಸಬೇಕೆಂದು ಅರಸನು ಹಟಹಿಡಿದನು; ಕುಂಪಣಿಯವರು ಒಪ್ಪಲಿಲ್ಲ. ಕುಂಪಣಿಯ ಕಡೆಯಿಂದ ಬಂದ ಕರುಣಾಕರ ಮೇನೋನನೆಂಬ ರಾಯಭಾರಿಯನ್ನು ಅರಸನು ತಡೆದಿಟ್ಟುಕೊಂಡನು. ಇದೇ ಯುದ್ಧಕ್ಕೆ ಕಾರಣವಾಯಿತು.

೧೮೩೪ರ ಏಪ್ರಿಲ್ ತಿಂಗಳ ಮೊದಲಲ್ಲಿ ಕುಂಪಣಿಯ ಸೈನ್ಯವು ನಾಲ್ಕು ದಿಕ್ಕುಗಳಿಂದ ಕೊಡಗನ್ನು ಹೊಕ್ಕಿತು. ಉತ್ತರದ ತುಕಡಿಯನ್ನು ಬಕ್ಕ ಎಂಬಲ್ಲಿ ಕೊಡಗಿನ ಪಡೆಯು ಹಿಮ್ಮೆಟ್ಟಿಸಿ ಬಹಳ ಹಾನಿಯನ್ನುಂಟುಮಾಡಿತು. ಆದರೆ ಅರಸನ ಮನಸ್ಸು ಯುದ್ಧಕ್ಕೂ ಸಂಧಿಗೂ ನಡುವೆ ತೂಗಾಡುತ್ತಿದ್ದಿತು. ಏಪ್ರಿಲ್ ೬ರಂದು ಮಡಿಕೇರಿಯ ಕೋಟೆಯ ಮೇಲೆ ಇಂಗ್ಲಿಷರ ಬಾವುಟವೇರಿತು. ಕೆಲವು ದಿನಗಳಲ್ಲಿಯೇ ನಾಲ್ಕುನಾಡಿನ ಅರಮನೆಯಲ್ಲಿದ್ದ ಅರಸನು ಶರಣಾಗತನಾದನು. ಮೇ ೭ರಂದು ರಾಜಕೀಯಾಧಿಕಾರಿಯಾದ ಕರ್ನಲ್ ಫ್ರೇಸರನು ಘೋಷಣೆಯನ್ನು ಹೊರಡಿಸಿ, ನಿವಾಸಿಗಳೆಲ್ಲರ ಇಚ್ಛೆಯಂತೆ ಕೊಡಗನ್ನು ಕುಂಪಣಿಯ ಆಳ್ವಿಕೆಗೆ ಸೇರಿಸಲಾಗಿದೆಯೆಂದು ಸಾರಿದನು. ಮನೆತನದ ಇನ್ನೊಬ್ಬನಿಗೆ ಪಟ್ಟವನ್ನು ಕಟ್ಟಬಾರದಾಗಿತ್ತೇ ಎಂದು ಕೇಳಬಹುದು. ಕಟ್ಟುವುದಕ್ಕೆ ಯೋಗ್ಯನಾದ ಗಂಡಸನ್ನು ಅರಸನೇ ಉಳಿಸಿರಲಿಲ್ಲ. ತಾನು ನಿಂತ ಕೊಂಬೆಯನ್ನು ಬಿಟ್ಟು ಉಳಿದ ಕೊಂಬೆಗಳನ್ನೆಲ್ಲ ಕಡಿದವನಿಗೆ, ಆ ಒಂದು ಕೊಂಬೆಯೂ ಮುರಿದಾಗ ಮರವೇ ಇಲ್ಲವಾಯಿತು.

ಇಲ್ಲಿಂದ ಅವನ ಜೀವನದ ಎರಡನೆಯ ಭಾಗವು ಆರಂಭವಾಗುವುದು. ಅದೇ ಏಪ್ರಿಲ್ ತಿಂಗಳಲ್ಲಿ ರಾಣಿವಾಸದೊಡನೆಯೂ ಪರಿವಾರದೊಡನೆಯೂ ಸೈನಿಕರ ಕಾವಲಿನಲ್ಲಿ ಅರಸನು ಮಡಿಕೇರಿಯನ್ನು ಬಿಟ್ಟನು. ಮತ್ತೆ ಅವನು ಕೊಡಗನ್ನು ಕಾಣಲಿಲ್ಲ. ಬೆಂಗಳೂರು, ವೇಲೂರುಗಳ ಮೂಲಕ ಅವನನ್ನು ಕಾಶಿಗೆ ಸಾಗಿಸಿ, ಅಲ್ಲಿ ಪಿಂಚಣಿಯ ಮೇಲೆ ಇರಿಸಿದರು.

ಈ ಪಿಂಚಣಿಯೆಂಬ ಏರ್ಪಾಡಿನ ಮರ್ಮವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಗೆದ್ದ ಅರಸನನ್ನು ಕೊಲ್ಲುವುದು ಕುಂಪಣಿಯ ನೀತಿಯಲ್ಲ, ಬಿಟ್ಟುಬಿಡುವುದೂ ಅಲ್ಲ. ಅವನನ್ನು ಅವನ ನಾಡಿನಿಂದ ದೂರದಲ್ಲಿಟ್ಟು, ಊಟ, ಉಡಿಗೆ, ಮರ್ಯಾದೆಗಳಿಗೆ ಸಾಲುವಷ್ಟು ಹಣವನ್ನು ಗೊತ್ತುಮಾಡಿ, ಒಬ್ಬ ಅಧಿಕಾರಿಯ ಕಣ್ಣಳತೆಯಲ್ಲಿ ಇರಿಸುವುದೇ ನೀತಿ. ಹಣವು ಆ ಅಧಿಕಾರಿಯ ಕೈಯಿಂದಲೇ ಬರತಕ್ಕದ್ದು. ಊರುಬಿಟ್ಟು ಹೋಗಬೇಕಾದರೆ ಅಪ್ಪಣೆ ಬೇಕು. ಹಕ್ಕನ್ನು ಕೇಳಬೇಕಾದರೆ ಅರ್ಜಿ ಬರೆಯಬೇಕು. ಅರ್ಜಿಯು ಯಾರ ಮೇಲೆ ದೂರೋ ಅವರ ಕೈಯಿಂದಲೇ ಮೇಲಕ್ಕೆ ಹೋಗಬೇಕು. ಹೆಸರಿಗೆ ಮಹಾರಾಜ, ವ್ಯವಹಾರದಲ್ಲಿ ಅನ್ನಕ್ಕೆ ಕಾದು ಕುಳಿತವನು.

ಅಧಿಕಾರಿಗಳ ಎಚ್ಚರಿಕೆಗೆ ಕಾರಣಗಳು ಇರಲಿಲ್ಲವೆಂದಲ್ಲ. ೧೭೯೮ರಲ್ಲಿ ಅಯೋಧ್ಯೆಯ ನವಾಬಗಿರಿಯನ್ನು ಕಳೆದುಕೊಂಡು ಕಾಶಿಯಲ್ಲಿ ಪಿಂಚಣಿಯ ಮೇಲಿದ್ದ ವಜೀರ ಅಲಿಯು, ೧೭೯೯ರ ಜನವರಿಯಲ್ಲಿ ಚೆರಿ ಎಂಬ ಇಂಗ್ಲಿಷ್ ಅಧಿಕಾರಿಯನ್ನು ಅವನ ಮನೆಯಲ್ಲಿಯೇ ಕೊಂದನು. ಟಿಪ್ಪುವಿನ ಮಕ್ಕಳನ್ನು ಇರಿಸಿದ್ದ ವೇಲೂರಿನಲ್ಲಿ ೧೮೦೬ರ ಜುಲೈ ೧೦ರಂದು ಸಿಪಾಯಿಗಳು ದಂಗೆಯೆದ್ದರು. ಆ ಬಳಿಕ ರಾಜಕುಮಾರರನ್ನು ಕಲ್ಕತ್ತೆಗೆ ಸಾಗಿಸಲಾಯಿತು. ಪಿಂಚಣಿಯು ದಯೆಯಂತೆ ತೋರಿದರೂ ಭಯವೇ ಅದರ ತಾಯಿಬೇರು. ಇನ್ನು ಅದರ ಬಾಳಿಕೆಯೋ, ಕೊಟ್ಟವರ ಇಚ್ಛೆಯಿದ್ದಷ್ಟು ಕಾಲ. ೧೮೧೮ರಲ್ಲಿ ಪೇಶ್ವೆ ಎರಡನೆಯ ಬಾಜೀರಾಯನಿಗೆ ವರ್ಷಕ್ಕೆ ೮ ಲಕ್ಷ ರೂಪಾಯಿಗಳನ್ನು ಗೊತ್ತುಮಾಡಿ ಬಿಠೂರಿನಲ್ಲಿ ಇರಿಸಿದರು. ೧೮೫೧ರಲ್ಲಿ ಅವನು ತೀರಿಕೊಂಡೊಡನೆ ಅವನ ದತ್ತುಪುತ್ರನಾದ ನಾನಾಸಾಹೇಬನಿಗೆ ಅದು ಸಲ್ಲದೆಂದು ಡಾಲ್‌ಹೌಸಿಯು ತೀರ್ಮಾನಿಸಿದನು. ಅದರ ಫಲವನ್ನು ೧೮೫೭ರಲ್ಲಿ ಎಲ್ಲರೂ ಉಂಡರು.

ಅರಸನು ಹೋದ ಮೇಲೆ ಕೊಡಗು ಸುಮ್ಮನಿರಲಿಲ್ಲ. ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕುಂಪಣಿಯವರು ದಕ್ಷಿಣಕನ್ನಡಕ್ಕೆ ಸೇರಿಸಿದರು. ಹಿಂದೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದಾಗ ರೈತನಿಗೆ ಕಷ್ಟವಾಯಿತು. ೧೮೩೭ರಲ್ಲಿ ಹಾಲೇರಿ ವಂಶದ ಕಲ್ಯಾಣಸ್ವಾಮಿಯ ಹೆಸರನ್ನು ಮುಂದಿಟ್ಟುಕೊಂಡು ಗೌಡರೇ ಮೊದಲಾದವರು ದಂಗೆಯೆದ್ದು, ಮಂಗಳೂರನ್ನು ಸೇರಿ ಕೆಲವು ದಿನ ತಮ್ಮ ವಶದಲ್ಲಿ ಇಟ್ಟುಕೊಂಡರು. ಆ ಅಕ್ಟೋಬರ್ ೩೧ರಂದು ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಯಾವ ಅರಸುಮನೆತನದ ಹೆಸರನ್ನು ಹೇಳಿಕೊಂಡು ಆ ರೈತನು ಪ್ರಾಣವನ್ನು ತೆತ್ತನೋ, ಆ ಮನೆತನದ ಅರಸನು ಆ ಹೊತ್ತಿಗೆ ದೂರದ ನಾಡಿನಲ್ಲಿ ಕುಂಪಣಿಯ ಅನ್ನವನ್ನು ಉಣ್ಣುತ್ತಿದ್ದನು. ಇದಕ್ಕಿಂತ ದುಃಖಕರವಾದ ವೈಷಮ್ಯವು ಇನ್ನೇನಿದೆ?

ಕಾಶಿಯು ವೀರಶೈವನಿಗೆ ಪರದೇಶವಲ್ಲ. ಅಲ್ಲಿ ಜಂಗಮವಾಡಿ ಮಠವಿದೆ, ವಿಶ್ವನಾಥನ ಸನ್ನಿಧಿಯಿದೆ. ಮುಪ್ಪಿನಲ್ಲಿ ಕಾಶೀವಾಸವನ್ನು ಬಯಸಿ ಹೋಗುವವರು ಎಷ್ಟೋ ಮಂದಿ. ಆದರೆ ಬಯಸಿ ಹೋದವನಿಗೆ ಕಾಶಿಯು ಕ್ಷೇತ್ರ. ಒಯ್ದಿರಿಸಿದವನಿಗೆ ಅದೇ ಸೆರೆಮನೆ. ಅರಸನು ಅಲ್ಲಿ ಅನೇಕ ವರ್ಷಗಳನ್ನು ಕಳೆದನು. ೧೮೫೦ರಲ್ಲಿ ಯೂರೋಪಿಗೆ ಹೋಗಿದ್ದ ನೇಪಾಳದ ಮಂತ್ರಿಯಾದ ಜಂಗಬಹಾದೂರನು ಹಿಂದಿರುಗುವಾಗ ಕಾಶಿಯಲ್ಲಿ ಅರಸನ ಒಬ್ಬ ಮಗಳನ್ನು ಮದುವೆಯಾದನು. ೧೮೪೧ರಲ್ಲಿ ಹುಟ್ಟಿದ ಇನ್ನೊಬ್ಬ ಮಗಳ ಹೆಸರು ಗೌರಮ್ಮ.

ಪಟ್ಟವು ಮರಳಿ ಬಾರದೆಂಬುದು ಅರಸನಿಗೆ ತಿಳಿದಿದ್ದಿತು. ಆದರೆ ದೊಡ್ಡಪ್ಪನು ಕುಂಪಣಿಯ ಸಾಲಪತ್ರಗಳಲ್ಲಿ ಇಟ್ಟಿದ್ದ ದ್ರವ್ಯದ ಮಾತು ಬೇರೆಯೆಂದು ಅವನು ವಾದಿಸಿದನು. ನಾಡನ್ನು ಯುದ್ಧದಲ್ಲಿ ಗೆದ್ದಿರಬಹುದು. ಸಾಲವನ್ನು ಗೆಲ್ಲುವುದು ಹೇಗೆ? ಸಾಲಗಾರನು ಸಾಲಕೊಟ್ಟವನ ಮನೆಯನ್ನು ಹೊಕ್ಕು ಪತ್ರವನ್ನು ಕಿತ್ತುಕೊಂಡು, ‘ಈಗ ಸಾಲವು ತೀರಿತು’ ಎಂದರೆ ಲೋಕವು ಒಪ್ಪುವುದೇ? ಈ ನ್ಯಾಯವನ್ನು ಇಂಗ್ಲೆಂಡಿನಲ್ಲಿಯೇ ಕೇಳಬೇಕೆಂದು ನಿಶ್ಚಯಿಸಿ, ಅಪ್ಪಣೆಯನ್ನು ಪಡೆದು, ಗೌರಮ್ಮನೊಡನೆ ೧೮೫೨ರಲ್ಲಿ ಲಂಡನ್ ನಗರವನ್ನು ಸೇರಿದನು. ಪಟ್ಟವನ್ನು ಕಳೆದುಕೊಂಡ ಭಾರತೀಯ ಅರಸರಲ್ಲಿ ಸಮುದ್ರವನ್ನು ದಾಟಿ ಅಲ್ಲಿಗೆ ಹೋದ ಮೊದಲಿಗರಲ್ಲಿ ಅವನೊಬ್ಬನು.

ಆ ವರ್ಷದ ಜೂನ್ ೩೦ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಹನ್ನೊಂದು ವರ್ಷವೂ ತುಂಬದ ಗೌರಮ್ಮನಿಗೆ ಕ್ರೈಸ್ತದೀಕ್ಷೆಯಾಯಿತು. ದೀಕ್ಷೆಯನ್ನಿತ್ತವನು ಕ್ಯಾಂಟರ್ಬರಿಯ ಪ್ರಧಾನಧರ್ಮಾಧಿಕಾರಿ; ಧರ್ಮಮಾತೆಯಾಗಿ ನಿಂತವಳು ವಿಕ್ಟೋರಿಯಾ ರಾಣಿ. ಮಗುವಿಗೆ ವಿಕ್ಟೋರಿಯಾ ಎಂದೇ ಹೆಸರಿಟ್ಟರು. ಮಗಳನ್ನು ಒಪ್ಪಿಸಿದವನು ತಂದೆಯೇ. ರಾಣಿಯ ಪ್ರೀತಿಯು ದೊರೆತರೆ ವ್ಯಾಜ್ಯಕ್ಕೆ ಬಲ ಬರುವುದೆಂಬ ಆಸೆಯು ಅವನಲ್ಲಿದ್ದಿತೆಂದು ಚರಿತ್ರಕಾರರು ಅಭಿಪ್ರಾಯಪಡುವರು. ಪರಮತವನ್ನು ನಿಂದಿಸುವುದು ಶರಣಮಾರ್ಗವಲ್ಲ. ಅರಿತು ಒಲಿದು ಯಾವ ಮಾರ್ಗವನ್ನು ಹಿಡಿದವರನ್ನೂ ಹಳಿಯತಕ್ಕದ್ದಲ್ಲ. ಆದರೆ ಅರಿವು ಬಾರದ ಮಗುವಿನ ಧರ್ಮವನ್ನು ರಾಜಕಾರ್ಯದ ಪಗಡೆಯಲ್ಲಿ ಒಂದು ಕಾಯಿಯನ್ನಾಗಿ ನಡೆಸಿದಲ್ಲಿ, ನಡೆಸಿದ ತಂದೆಯನ್ನೂ ಸ್ವೀಕರಿಸಿದ ಅರಮನೆಯನ್ನೂ ಇತಿಹಾಸವು ಕ್ಷಮಿಸಲಾರದು.

ಬಳಿಕ ಗೌರಮ್ಮನು ತಂದೆಯ ಮನೆಯಲ್ಲಿ ಬೆಳೆಯಲಿಲ್ಲ. ಆಕೆಯನ್ನು ಇಂಗ್ಲಿಷ್ ಕುಟುಂಬಗಳ ಪಾಲನೆಗೆ ಒಪ್ಪಿಸಿದರು. ರಾಣಿಯು ಆಕೆಯ ಚಿತ್ರವನ್ನು ವಿಂಟರ್‌ಹಾಲ್ಟರನೆಂಬ ಪ್ರಸಿದ್ಧ ಚಿತ್ರಕಾರನಿಂದ ಬರೆಯಿಸಿದಳು. ೧೮೪೯ರಲ್ಲಿ ಪಂಜಾಬಿನ ಸಿಂಹಾಸನವನ್ನು ಕಳೆದುಕೊಂಡು, ತಾನೂ ಕ್ರೈಸ್ತನಾಗಿ ಇಂಗ್ಲೆಂಡಿಗೆ ಬಂದಿದ್ದ ದುಲೀಪಸಿಂಹನಿಗೆ ಆಕೆಯನ್ನು ಮದುವೆಮಾಡಿಸುವ ಇಚ್ಛೆಯು ರಾಣಿಗಿದ್ದಿತು. ರಾಜ್ಯವಿಲ್ಲದ ರಾಜನಿಗೆ ನಾಡಿಲ್ಲದ ರಾಜಕುಮಾರಿ; ಆದರೆ ಅದು ಕೈಗೂಡಲಿಲ್ಲ. ೧೮೬೦ರಲ್ಲಿ ಆಕೆಯು ತನಗಿಂತ ಬಹಳ ಹಿರಿಯನಾದ ಕರ್ನಲ್ ಕ್ಯಾಂಬೆಲ್ ಎಂಬವನನ್ನು ವರಿಸಿ, ಒಂದು ಹೆಣ್ಣುಮಗುವನ್ನು ಹಡೆದು, ೧೮೬೪ರಲ್ಲಿ ಇಪ್ಪತ್ತಮೂರು ವರ್ಷ ತುಂಬುವ ಮೊದಲೇ ಲಂಡನ್ನಿನಲ್ಲಿ ತೀರಿಕೊಂಡಳು. ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿಯಿರುವುದು.

ತಂದೆಯ ಕಥೆಯು ಅದಕ್ಕೂ ಮೊದಲೇ ಮುಗಿದಿದ್ದಿತು. ರಜೆಯ ಕಾಲವು ತೀರಿದ ಮೇಲೂ ಅವನು ಹಿಂದಿರುಗಲಿಲ್ಲ. ವ್ಯಾಜ್ಯವು ತೀರದೆ ಹೋಗುವುದು ಹೇಗೆ? ವರ್ಷಗಳು ಉರುಳಿದುವು. ೧೮೫೮ರಲ್ಲಿ ಕುಂಪಣಿಯ ಆಳ್ವಿಕೆಯೇ ಕೊನೆಗೊಂಡು ಭಾರತವು ರಾಣಿಯ ನೇರವಾದ ಆಡಳಿತಕ್ಕೆ ಬಂದಿತು. ೧೮೫೯ರ ಸೆಪ್ಟೆಂಬರ್ ತಿಂಗಳಲ್ಲಿ ಅರಸನು ಲಂಡನ್ನಿನಲ್ಲಿ ದೇಹವನ್ನು ಬಿಟ್ಟನು. ಅವನನ್ನು ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣುಮಾಡಿದರು. ಮಡಿಕೇರಿಯ ಗದ್ದಿಗೆಯಲ್ಲಿ ದೊಡ್ಡಪ್ಪನೂ ತಂದೆಯೂ ಐಕ್ಯರಾಗಿರುವ ಎಡೆಯಿಂದ ಅದು ಏಳು ಸಮುದ್ರಗಳ ಆಚೆ.

ನ್ಯಾಯಾಲಯದ ತೀರ್ಪು ಬಂದುದು ೧೮೬೦ರಲ್ಲಿ. ಕುಂಪಣಿಯವರು ಅರಸನ ಸ್ವತ್ತುಗಳನ್ನು ವಶಪಡಿಸಿಕೊಂಡುದು ಯುದ್ಧದಲ್ಲಿ, ವರ್ತಕರಾಗಿ ಅಲ್ಲ, ಪ್ರಭುಗಳಾಗಿ. ಪ್ರಭುಶಕ್ತಿಯ ಅಂಥ ಕಾರ್ಯವನ್ನು ವಿಚಾರಿಸುವ ಅಧಿಕಾರವು ನ್ಯಾಯಾಲಯಕ್ಕೆ ಇಲ್ಲ ಎಂಬುದೇ ನ್ಯಾಯಾಧಿಪತಿಯಾದ ಸರ್ ಜಾನ್ ರೊಮಿಲಿಯ ತೀರ್ಪಿನ ಸಾರ. ಇದು ಕೊಡಗೊಂದರ ಹಣೆಬರಹವಾಗಿರಲಿಲ್ಲ. ತಂಜಾವೂರಿನ ರಾಜನು ೧೮೫೫ರಲ್ಲಿ ಗಂಡುಸಂತಾನವಿಲ್ಲದೆ ತೀರಿಕೊಂಡಾಗ, ಕುಂಪಣಿಯವರು ಅವನ ಖಾಸಗಿ ಸ್ವತ್ತನ್ನೂ ಸೇರಿಸಿ ಸಮಸ್ತವನ್ನೂ ವಶಮಾಡಿಕೊಂಡರು. ರಾಣಿಯಾದ ಕಾಮಾಕ್ಷಿಬಾಯಿಯು ಮದರಾಸಿನ ನ್ಯಾಯಾಲಯದಲ್ಲಿ ಗೆದ್ದಳು. ೧೮೫೯ರಲ್ಲಿ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ತಿರುಗಿಸಿತು. ಆ ಕಾರ್ಯವು ನ್ಯಾಯವೋ ಅನ್ಯಾಯವೋ, ಅದನ್ನು ಅಳೆಯುವುದು ನ್ಯಾಯಾಲಯದ ಕೆಲಸವಲ್ಲವೆಂದು ಹೇಳಿತು. ಸಾಲವನ್ನು ಪಡೆಯುವಾಗ ವರ್ತಕನ ವೇಷ; ಸಾಲವನ್ನು ತೀರಿಸಬೇಕಾದಾಗ ಪ್ರಭುವಿನ ವೇಷ. ಒಂದೇ ದೇಹಕ್ಕೆ ಎರಡು ವೇಷಗಳಿದ್ದುದರಿಂದ, ಕೇಳುವವನಿಗೆ ಎದುರುನಿಂತು ಉತ್ತರಿಸುವವರೇ ಇಲ್ಲದಂತಾಯಿತು.

ಇದಕ್ಕೆ ಎದುರಾಗಿ ನೆರೆಯ ಮೈಸೂರಿನ ದೃಷ್ಟಾಂತವನ್ನು ಇಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರಿಂದ ೧೮೩೧ರಲ್ಲಿ ಆಡಳಿತವನ್ನು ಕಿತ್ತುಕೊಂಡ ಸರ್ಕಾರವು, ಅವರಿಗೆ ವರ್ಷಕ್ಕೆ ಒಂದು ಲಕ್ಷ ವರಹವನ್ನೂ ನಿವ್ವಳ ಉತ್ಪನ್ನದಲ್ಲಿ ಐದರಲ್ಲೊಂದು ಪಾಲನ್ನೂ ಗೊತ್ತುಮಾಡಿತು. ಒಡೆಯರು ತಮ್ಮ ನಾಡಿನಲ್ಲಿಯೇ, ತಮ್ಮ ಅರಮನೆಯಲ್ಲಿಯೇ, ತಮ್ಮ ಪ್ರಜೆಗಳ ಕಣ್ಮುಂದೆಯೇ ಉಳಿದರು. ಮೂವತ್ತೇಳು ವರ್ಷ ಬಿಡದೆ ಹಕ್ಕನ್ನು ಸಾಧಿಸುತ್ತ ಪತ್ರಗಳನ್ನು ಬರೆದರು. ವಿದ್ವಾಂಸರಿಗೂ ದೇವಾಲಯಗಳಿಗೂ ಮಠಗಳಿಗೂ ಆಶ್ರಯವನ್ನಿತ್ತರು. ಅವರು ೧೮೬೮ರಲ್ಲಿ ಸ್ವರ್ಗಸ್ಥರಾಗುವುದಕ್ಕೆ ಮೊದಲೇ ಅವರ ದತ್ತುಪುತ್ರನ ಹಕ್ಕನ್ನು ಸರ್ಕಾರವು ಒಪ್ಪಿತು; ೧೮೮೧ರಲ್ಲಿ ರಾಜ್ಯವು ಹಿಂದಕ್ಕೆ ಬಂದಿತು. ಮೈಸೂರಿನ ವಿಷಯದಲ್ಲಿ ಅಧಿಕಾರಿಗಳು ಹೆಚ್ಚು ಧರ್ಮಿಷ್ಠರಾಗಿದ್ದರೆಂದು ಇದರ ಅರ್ಥವಲ್ಲ. ಜನರ ಪ್ರೀತಿಯನ್ನು ಕಳೆದುಕೊಳ್ಳದ ಅರಸನ ಮಾತಿಗೆ ತೂಕವಿರುವುದು. ಜನರನ್ನೂ ಬಂಧುಗಳನ್ನೂ ಕಳೆದುಕೊಂಡವನ ಮಾತು, ನ್ಯಾಯವಾದುದಾದರೂ, ಗಾಳಿಯಲ್ಲಿ ಹೋಗುವುದು.

ಭಕ್ತಬಂಧುಗಳೇ, ಈ ಚರಿತ್ರೆಯನ್ನು ಅಳೆಯುವಾಗ ಎರಡು ತಕ್ಕಡಿಗಳನ್ನೂ ಸಮನಾಗಿ ಹಿಡಿಯಬೇಕು. ಅರಸನು ಲಿಂಗವಂತನೆಂಬ ಅಭಿಮಾನದಿಂದ ಅವನ ಕ್ರೌರ್ಯವನ್ನು ಮುಚ್ಚತಕ್ಕದ್ದಲ್ಲ. ಎದೆಯ ಮೇಲೆ ಲಿಂಗವಿದ್ದು ಎದೆಯೊಳಗೆ ದಯೆಯಿಲ್ಲದಿದ್ದರೆ ಆ ಧಾರಣೆಯು ಹೊರೆಯಾಗುವುದೇ ಹೊರತು ದೀಕ್ಷೆಯಾಗದು. ಅವನು ಕ್ರೂರಿಯಾಗಿದ್ದನೆಂಬ ನೆವದಿಂದ ಗೆದ್ದವರ ಅನ್ಯಾಯವನ್ನು ನ್ಯಾಯವೆನ್ನತಕ್ಕದ್ದೂ ಅಲ್ಲ. ಕೆಟ್ಟವನಿಗೆ ಕೊಡಬೇಕಾದ ಸಾಲವೂ ಸಾಲವೇ. ಅವನ ದುರಾಡಳಿತದಿಂದ ಪ್ರಜೆಗಳನ್ನು ಬಿಡಿಸಿದುದು ಒಂದು ಕಾರ್ಯ. ಅವನ ಪೂರ್ವಜನು ಸ್ನೇಹದಲ್ಲಿ ನಂಬಿ ಇಟ್ಟ ಗಂಟನ್ನು ನುಂಗಿದುದು ಇನ್ನೊಂದು ಕಾರ್ಯ. ಮೊದಲನೆಯದರ ಪುಣ್ಯವು ಎರಡನೆಯದರ ಪಾಪವನ್ನು ತೊಳೆಯಲಾರದು.

ಇನ್ನೊಂದು ಮಾತು ಉಳಿದಿದೆ. ದುಡಿಯದೆ ಉಣ್ಣುವ ಅನ್ನವು ಎಂಥವನನ್ನೂ ಕುಗ್ಗಿಸುವುದೆಂದು ಶರಣರು ತಿಳಿದಿದ್ದರು. ಅದಕ್ಕಾಗಿಯೇ ಕಾಯಕವನ್ನು ಎಲ್ಲಕ್ಕೂ ಮೇಲಿರಿಸಿದರು. ಪಿಂಚಣಿಯ ಅರಸನ ದುರವಸ್ಥೆಯು ಹಣದ ಕೊರತೆಯಲ್ಲ. ಮಾಡಲು ಕಾಯಕವಿಲ್ಲದ, ನೀಡಲು ದಾಸೋಹವಿಲ್ಲದ ಬಾಳಿನದು. ಆಳುವ ಕಾಯಕವು ಹೋಯಿತು. ಬೇರೊಂದು ಕಾಯಕವನ್ನು ಕಲ್ಪಿಸಿಕೊಳ್ಳುವ ಅರಿವು ಬರಲಿಲ್ಲ. ಕೊಟ್ಟವರೂ ಅದನ್ನು ಬಯಸಲಿಲ್ಲ. ಹೀಗೆ ಕಾಶಿ, ಬಿಠೂರು, ಕಲ್ಕತ್ತೆಗಳಲ್ಲಿ ಎಷ್ಟು ಮನೆತನಗಳು ದಿನಗಳನ್ನು ಎಣಿಸುತ್ತ ಕರಗಿಹೋದುವು! ಸ್ವತಂತ್ರ ಭಾರತದಲ್ಲಿ ಸಂಸ್ಥಾನಿಕರಿಗೆ ಗೊತ್ತಾಗಿದ್ದ ರಾಜಧನವೂ ೧೯೭೧ರಲ್ಲಿ ರದ್ದಾಯಿತು.

ಹಾಲೇರಿ ವಂಶದ ಮೂಲಪುರುಷನು ಕೊಡಗಿಗೆ ಬಂದಾಗ ಅವನ ಮೈಮೇಲಿದ್ದುದು ಜಂಗಮವೇಷವೆಂದು ಐತಿಹ್ಯವು ಹೇಳುವುದಷ್ಟೆ. ಜನರು ಅವನನ್ನು ಬರಮಾಡಿಕೊಂಡುದು ಆ ವೇಷದ ಮೇಲಣ ಭಕ್ತಿಯಿಂದ. ವಂಶದ ಕೊನೆಯವನು ಪಿಂಚಣಿದಾರನಾಗಿ ಪರದೇಶದ ಮಣ್ಣನ್ನು ಸೇರಿದನು. ಜಂಗಮಕ್ಕೆ ಇರತಕ್ಕದ್ದು ಲೋಕಹಿತದ ಸಂಚಾರ. ಅದನ್ನು ಸ್ಥಾವರವಾದ ಸಿಂಹಾಸನವಾಗಿ ಮಾರ್ಪಡಿಸಿದಂದೇ ಅಳಿವಿನ ಬೀಜವು ಬಿದ್ದಿತೆಂದರೆ ತಪ್ಪಾಗದು. ಇಂದಿಗೂ ಮಡಿಕೇರಿಯ ಗದ್ದಿಗೆಯ ಗುಮ್ಮಟಗಳು ಬಂದವರಿಗೆ ಕಾಣುತ್ತಿರುವುವು. ಅಲ್ಲಿ ಒಂದು ಎಡೆಯು ಬರಿದಾಗಿದೆಯೆಂದು ಭಾವಿಸಿ, ಅಲ್ಲಿಗೆ ಸೇರದೆ ಹೋದ ಆ ಅರಸನಿಗೂ, ಹೆಸರನ್ನೂ ಧರ್ಮವನ್ನೂ ಮನೆಯನ್ನೂ ಕಳೆದುಕೊಂಡ ಆ ಹೆಣ್ಣುಮಗುವಿಗೂ, ನೇಣಿಗೆ ಕೊರಳೊಡ್ಡಿದ ಆ ರೈತನಿಗೂ ಈ ಶುಭದಿನದಲ್ಲಿ ಭಕ್ತರೆಲ್ಲರೂ ಒಂದು ಕ್ಷಣ ಶಾಂತಿಯನ್ನು ಕೋರುವುದು ಉಚಿತವಾಗಿರುವುದು.